ಅವಧಿ ತೀರಿದ ವಿಮಾಪತ್ರವೂ ಕೆಟ್ಟುಹೋದ ನೆಲವೂ

ಅವಧಿ ಮುಗಿದ ವಿಮಾಪತ್ರವನ್ನು ನಮ್ಮಲ್ಲಿ ಅನೇಕ ಗೃಹಸ್ಥರು ಒಲೆಗೆ ಹಾಕುವರು. ಇಲ್ಲವೆ ಮಕ್ಕಳ ಪುಸ್ತಕಕ್ಕೆ ಹೊದಿಕೆ ಮಾಡುವರು. ಜೀವವಿಮೆಯಾದರೆ, ಹಣವು ಕೈಸೇರಿದ ಬಳಿಕ ಇದರಿಂದ ನಷ್ಟವೇನೂ ಇಲ್ಲ. ಆದರೆ ಹೊಣೆಗಾರಿಕೆಯ ವಿಮೆ ಎಂಬುದೊಂದುಂಟು. ನಮ್ಮ ಉದ್ಯಮದಿಂದ ಪರರಿಗೆ ಹಾನಿಯಾದಲ್ಲಿ ಅದನ್ನು ತುಂಬಿಕೊಡುವ ಭಾರವನ್ನು ಕಂಪೆನಿಯು ಹೊರತಕ್ಕ ಕರಾರು ಅದು. ಅದರ ಸ್ವಭಾವವೇ ಬೇರೆ.

ಅಮೆರಿಕಾ ದೇಶದಲ್ಲಿ ೧೯೮೦ರಲ್ಲಿ ಒಂದು ಕಠಿಣವಾದ ಶಾಸನವಾಯಿತು. ವಿಷದಿಂದ ಕೆಟ್ಟ ನೆಲವನ್ನು ಶುದ್ಧಿಮಾಡುವ ವೆಚ್ಚವನ್ನು ಕೆಡಿಸಿದವರಿಂದಲೂ ಈಗಿನ ಒಡೆಯರಿಂದಲೂ ವಸೂಲು ಮಾಡಬಹುದು. ಕೃತ್ಯವು ಶಾಸನಕ್ಕಿಂತ ಹಿಂದಿನದೆಂಬ ಮಾತ್ರಕ್ಕೆ ಬಿಡುಗಡೆಯಿಲ್ಲ. ಆಗ ದೊಡ್ಡ ಕಾರ್ಖಾನೆಯವರು ಮೊದಲುಗೊಂಡು ಬಟ್ಟೆ ಶುಭ್ರಮಾಡುವ ಅಂಗಡಿಯವರವರೆಗೆ ಎಲ್ಲರೂ ಹಳೆಯ ಪೆಟ್ಟಿಗೆಗಳನ್ನು ತಡಕಲಾರಂಭಿಸಿದರು. ಏಕೆಂದರೆ ಹಿಂದಿನ ಪತ್ರಗಳು ನೋಡುತ್ತಿದ್ದುದು ಹಾನಿ ಯಾವಾಗ ಸಂಭವಿಸಿತೆಂಬುದನ್ನು. ದಾವೆ ಯಾವಾಗ ಬಂದಿತೆಂಬುದನ್ನಲ್ಲ. ೧೯೬೦ರಲ್ಲಿ ನೆಲಕ್ಕಿಳಿದ ವಿಷಕ್ಕೆ ಮೂವತ್ತು ವರ್ಷಗಳ ಮೇಲೆ ದಾವೆ ಹೂಡಿದರೂ ೧೯೬೦ರ ಪತ್ರವೇ ಉತ್ತರ ಹೇಳಬೇಕು. ಕಂಪೆನಿಗಳು ೧೯೭೦ರ ದಶಕದಲ್ಲಿ ಈ ಬಾಗಿಲನ್ನು ಅರ್ಧ ಮುಚ್ಚಿ, ೧೯೮೬ರ ಸುಮಾರಿಗೆ ಪೂರ್ತಿ ಮುಚ್ಚಿದುವು. ಆದುದರಿಂದ ಪತ್ರವು ಹಳೆಯದಾದಷ್ಟೂ ಬೆಲೆ ಹೆಚ್ಚು, ಹಳೆಯ ತುಪ್ಪದಂತೆ! ಪತ್ರವೇ ಕಳೆದುಹೋಗಿದ್ದರೆ ಕಂತಿನ ರಸೀದಿ, ಲೆಕ್ಕದ ಪುಸ್ತಕ, ಏಜೆಂಟರ ಕಡತ ಇವುಗಳಿಂದ ಅದು ಇದ್ದಿತೆಂದು ತೋರಿಸುವರು. ಇಂಥ ಹುಡುಕಾಟವೇ ಅಲ್ಲಿ ಕೆಲವರ ಜೀವನೋಪಾಯವಾಗಿದೆ. ಕಂಪೆನಿಗಳೇನೂ ಸುಮ್ಮನೆ ಹಣ ತೆರಲಿಲ್ಲ. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ವಾಚಕರು, ಇದರಿಂದ ನಮಗೇನು ಎಂದು ಕೇಳಬಹುದು. ಭೋಪಾಲದಲ್ಲಿ ೧೯೮೪ರಲ್ಲಿ ನಡೆದ ಅನಾಹುತದ ಬಳಿಕ ನಮ್ಮ ದೇಶದಲ್ಲಿಯೂ ೧೯೯೧ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಬಂದಿತು. ಅಪಾಯಕರ ಪದಾರ್ಥಗಳನ್ನು ನಿರ್ವಹಿಸುವವರು ವಿಮೆ ಇಳಿಸಲೇಬೇಕು. ನೊಂದವರು ತಪ್ಪು ಯಾರದೆಂದು ಸಾಧಿಸದೆಯೇ ಜಿಲ್ಲಾಧಿಕಾರಿಗೆ ಐದು ವರ್ಷಗಳೊಳಗೆ ಅರ್ಜಿ ಕೊಡಬಹುದು. ಆದರೆ ಇದು ಅಪಘಾತದ ಮಾತು. ಅಡಕೆತೋಟದ ಮೇಲೆ ದಿನದಿನವೂ ಕೂರುವ ಅದಿರಿನ ಕೆಂಧೂಳಿಗೂ ಹೂಳು ತುಂಬುವ ಕೆರೆಗೂ ಈ ಅಳತೆ ಚೆನ್ನಾಗಿ ಹೊಂದುವುದಿಲ್ಲ.

ಅಲ್ಲಿ ದಾರಿ ಮಾಡಿದುದು ಸರ್ವೋಚ್ಚ ನ್ಯಾಯಾಲಯ. ೨೦೧೧ರ ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಳು ನಿಂತುವು. ೨೦೧೩ರ ಏಪ್ರಿಲ್ ೧೮ರ ತೀರ್ಪು ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಅತಿಯಾಗಿ ಮೀರಿದವರ ಗುತ್ತಿಗೆಗಳನ್ನೇ ರದ್ದು ಮಾಡಿತು. ಎರಡನೆಯ ವರ್ಗದವರು ಎಲ್ಲೆ ಮೀರಿ ಅಗೆದ ಪ್ರತಿ ಹೆಕ್ಟೇರಿಗೆ ೫ ಕೋಟಿ ರೂಪಾಯಿ, ಮಣ್ಣು ಸುರಿದು ದಾರಿ ಮಾಡಿದ ನೆಲಕ್ಕೆ ಹೆಕ್ಟೇರಿಗೆ ೧ ಕೋಟಿ ರೂಪಾಯಿ ತೆರಬೇಕಾಯಿತು. ಅದಿರು ಮಾರಿ ಬಂದ ಹಣದ ಒಂದು ಭಾಗವನ್ನೂ ನೆಲದ ಪುನರುದ್ಧಾರಕ್ಕೆಂದು ತೆಗೆದಿಡಲಾಯಿತು. ಅದಕ್ಕಾಗಿ ೨೦೧೪ರಲ್ಲಿ ಒಂದು ನಿಗಮವೇ ಹುಟ್ಟಿತು. ೨೦೧೫ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಬಂದಿತು. ಹಳೆಯ ಗುತ್ತಿಗೆದಾರರು ರಾಯಧನದ ನೂರಕ್ಕೆ ೩೦ರಷ್ಟನ್ನೂ, ಹರಾಜಿನಲ್ಲಿ ಪಡೆದವರು ೧೦ರಷ್ಟನ್ನೂ ಅದಕ್ಕೆ ಸಲ್ಲಿಸುವರು. ಎಂದರೆ, ಅಲ್ಲಿ ಮೂವತ್ತು ವರ್ಷದ ಕಾಗದವನ್ನು ಹುಡುಕಿ ಪಡೆದ ಹಣವನ್ನು ಇಲ್ಲಿ ಅದಿರು ಮಾರುವ ಕಟ್ಟೆಯಲ್ಲಿಯೇ ಹಿಡಿದರು. ನನ್ನ ಎಣಿಕೆಯಲ್ಲಿ ಇದೇ ಮೇಲು.

ಆದರೂ ನಿಧಿಯಲ್ಲಿ ಹಣವಿದ್ದ ಮಾತ್ರಕ್ಕೆ ಅದು ತೋಟಕ್ಕೆ ಹರಿದು ಬರುವುದಿಲ್ಲ. ತನ್ನ ನಷ್ಟಕ್ಕೆ ಪರಿಹಾರ ಬೇಡುವವನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಯೂ ಅವಧಿ ಐದೇ ವರ್ಷ, ತಕ್ಕ ಕಾರಣವಿದ್ದರೆ ಇನ್ನು ಅರವತ್ತು ದಿನ. ಆದಕಾರಣ ಪಹಣಿ, ಕಂದಾಯದ ರಸೀದಿ, ಧೂಳು ಬರುವುದಕ್ಕೆ ಮುಂಚಿನ ವರ್ಷಗಳ ಅಡಕೆಮಂಡಿಯ ಚೀಟಿಗಳು, ಬಾವಿ ತೋಡಿಸಿದ ಲೆಕ್ಕ ಇವೆಲ್ಲವನ್ನೂ ಒಂದು ಕಟ್ಟಿನಲ್ಲಿಡಿರಿ. ಕಚೇರಿಗೆ ಕೊಟ್ಟ ಪ್ರತಿಯೊಂದು ಅರ್ಜಿಯ ನಕಲಿನ ಮೇಲೂ ತಾರೀಖಿನ ಮೊಹರು ಹಾಕಿಸಿಕೊಂಡೇ ಮನೆಗೆ ಹಿಂದಿರುಗಿರಿ.