ಸತ್ತವನನ್ನು ಸಾಯಲು ಬಿಡಿ

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಆಗಷ್ಟೇ ಪಿಯುಸಿ ಪರೀಕ್ಷೆ ಬರೆದು ಮುಗಿಸಿದ ಹುಡುಗ. ನನ್ನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದ 'ಮೆಟಲ್ ಗೇರ್' ಆಟಗಳ ಡಬ್ಬಿಗಳನ್ನು ನೋಡಿ, "ಮಾಮ, ಇದನ್ನ ಯಾವುದರಿಂದ ಶುರು ಮಾಡಬೇಕು?" ಎಂದು ಕೇಳಿದ. ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ವರ್ಷಗಟ್ಟಲೆ ಕಾದವನು ನಾನು. ತಕ್ಷಣ ಹಾಳೆ ತೆಗೆದು ನಕ್ಷೆ ಬರೆಯಲು ಕೂತೆ. ಎಡಗಡೆ ಆಟ ಬಿಡುಗಡೆಯಾದ ವರ್ಷ, ಬಲಗಡೆ ಕತೆ ನಡೆಯುವ ವರ್ಷ, ನಡುವೆ ಬಾಣದ ಗುರುತುಗಳು. ಯಾರು ಯಾರ ತದ್ರೂಪಿ, ಯಾರು ಯಾರ ಹೆಸರು ಹೊತ್ತು ಓಡಾಡುತ್ತಿದ್ದಾನೆ, ಸತ್ತ ಯಾರು ನಿಜಕ್ಕೂ ಸತ್ತಿಲ್ಲ. ಅರ್ಧ ಗಂಟೆಯಲ್ಲಿ ಹಾಳೆಯ ಹಿಂಬದಿಯೂ ತುಂಬಿತು. ಹುಡುಗ ತಾಳ್ಮೆಯಿಂದ ಎಲ್ಲ ನೋಡಿ, "ಮಾಮ, ಈಗ್ತಾನೆ ಬೋರ್ಡ್ ಎಕ್ಸಾಮ್ ಮುಗಿಸಿ ಬಂದಿದೀನಿ" ಅಂದವನೇ ಎದ್ದು ಹೋಗಿ ಫುಟ್‌ಬಾಲ್ ಆಟ ಹಾಕಿಕೊಂಡ.

ಆ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ. ಅದನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ. ನಾನು ಪ್ರೀತಿಸಿದ ಕತೆಯ ಬಾಗಿಲಲ್ಲಿ ನಾನೇ ಕಾವಲುಗಾರನಾಗಿ ನಿಂತು, ಒಳಗೆ ಬರಲು ಬಂದ ಹುಡುಗನ ಗುರುತಿನ ಚೀಟಿ ಕೇಳಿದ್ದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅಂಥ ಹಾಳೆಯೊಂದು ಬೇಕೆನಿಸುವ ಹಾಗೆ ಕತೆಯನ್ನು ಕಟ್ಟಿದವರದ್ದೂ ತಪ್ಪಿದೆ. ಈ ಬರಹ ಅವರ ಮೇಲಿನ ಜಗಳ. ಆಟದ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ, ಬೇಡವೆನಿಸಿದವರು ಇಲ್ಲಿಗೇ ನಿಲ್ಲಿಸಬಹುದು.

'ಪ್ರೀಕ್ವೆಲ್' ಎಂಬ ಮಾತು ಈಗ ಕನ್ನಡಿಗರಿಗೆ ಹೊಸದಲ್ಲ. 2022ರ 'ಕಾಂತಾರ'ದ ಹಿಂದಿನ ಕತೆಯನ್ನು 2025ರಲ್ಲಿ ಥಿಯೇಟರಿಗೆ ಹೋಗಿ ನೋಡಿ ಬಂದಿದ್ದೇವೆ. ಅದು ಒಂದು ಸಲ ಹಿಂದೆ ಹೋಗಿ ಬಂತು. ಜಪಾನಿನ ಹಿದೆಯೊ ಕೊಜಿಮಾ ಕೊನಾಮಿ ಕಂಪನಿಗಾಗಿ ಕಟ್ಟಿದ 'ಮೆಟಲ್ ಗೇರ್' ಸರಣಿ ಹೀಗೆ ಐದು ಸಲ ಹಿಂದೆ ಹೋಯಿತು. 1987ರಲ್ಲಿ ಎಂಎಸ್‌ಎಕ್ಸ್2 ಎಂಬ ಪುಟ್ಟ ಕಂಪ್ಯೂಟರಿಗೆ ಬಂದ ಮೊದಲ ಆಟದ ಕತೆ ಸರಳ. ಸಾಲಿಡ್ ಸ್ನೇಕ್ ಎಂಬ ಸೈನಿಕ ಶತ್ರುಕೋಟೆಯೊಳಗೆ ಕದ್ದು ನುಗ್ಗುತ್ತಾನೆ. ಕೊನೆಗೆ ಕೋಟೆಯ ಒಡೆಯ ಬೇರೆ ಯಾರೂ ಅಲ್ಲ, ತನ್ನನ್ನು ಕಳಿಸಿದ ಮೇಲಧಿಕಾರಿ ಬಿಗ್ ಬಾಸ್ ಎಂದು ಗೊತ್ತಾಗುತ್ತದೆ. ಅವನನ್ನು ಸೋಲಿಸಿ ಹೊರಬರುತ್ತಾನೆ. 1990ರ ಎರಡನೆಯ ಆಟದಲ್ಲಿ ಬಿಗ್ ಬಾಸ್ ಮತ್ತೆ ಎದುರಾಗುತ್ತಾನೆ. ಆಯುಧಗಳನ್ನೆಲ್ಲ ಕಳೆದುಕೊಂಡ ಸ್ನೇಕ್ ಒಂದು ಲೈಟರ್ ಮತ್ತು ಸ್ಪ್ರೇ ಡಬ್ಬಿ ಹಿಡಿದು ಅವನನ್ನು ಸುಡುತ್ತಾನೆ. ಆಮೇಲೆ 1998 ಮತ್ತು 2001ರ ಆಟಗಳು ಕತೆಯನ್ನು ಮುಂದಕ್ಕೆ ಒಯ್ದವು.

2004ರಿಂದ ಸರಣಿ ತಿರುಗಿ ನಿಂತಿತು. 'ಸ್ನೇಕ್ ಈಟರ್' 1964ಕ್ಕೆ ಹೋಯಿತು. 2006ರ 'ಪೋರ್ಟಬಲ್ ಆಪ್ಸ್' 1970ಕ್ಕೆ, 2010ರ 'ಪೀಸ್ ವಾಕರ್' 1974ಕ್ಕೆ, 2014ರ 'ಗ್ರೌಂಡ್ ಝೀರೋಸ್' 1975ಕ್ಕೆ, 2015ರ 'ದಿ ಫ್ಯಾಂಟಮ್ ಪೇನ್' 1984ಕ್ಕೆ. ಇವೆಲ್ಲ ಬಿಗ್ ಬಾಸ್‌ನ ಕತೆಗಳು. ಬೇರೆ ತಂಡ ಮಾಡಿದ 2013ರ ಕವಲು ಆಟವೊಂದನ್ನು ಬಿಟ್ಟರೆ, ಈ ಅವಧಿಯಲ್ಲಿ ಕತೆ ಮುಂದೆ ನಡೆದದ್ದು 2008ರ ನಾಲ್ಕನೆಯ ಭಾಗದಲ್ಲಿ ಮಾತ್ರ.

ಈಗ ಜಗಳಕ್ಕೆ ಬರುತ್ತೇನೆ. ಪ್ರೀಕ್ವೆಲ್‌ಗಳಿಂದ ಕತೆ ಗೋಜಲಾಗುತ್ತದೆ ಎಂಬುದು ಹಳೆಯ ದೂರು. ಆದರೆ ದೂರುವವರು ಸಾಮಾನ್ಯವಾಗಿ ತಪ್ಪು ಲೆಕ್ಕ ಹಾಕುತ್ತಾರೆ. ಪಾತ್ರ ಜಾಸ್ತಿಯಾಯಿತು, ಇಸವಿ ಜಾಸ್ತಿಯಾಯಿತು ಎನ್ನುತ್ತಾರೆ. ನೂರಾರು ಪಾತ್ರಗಳ ಮಹಾಭಾರತವನ್ನು ರಾತ್ರಿಯಿಡೀ ಯಕ್ಷಗಾನದಲ್ಲಿ ಕೂತು ನೋಡುವ ಜನ ನಾವು, ಪಾತ್ರ ಜಾಸ್ತಿಯಾದರೆ ಹೆದರುವುದಿಲ್ಲ. ಹಿಂದಿನ ಕತೆ ಮುಂದಿನ ಕತೆಗೆ ಏನು ಮಾಡುತ್ತದೆ ಎಂದು ಕೇಳಬೇಕು. ಅದಕ್ಕೆ ತೂಕ ಕೂಡಿಸುತ್ತದೆಯೇ, ಇಲ್ಲ ರಸೀದಿ ಅಂಟಿಸುತ್ತದೆಯೇ?

ತೂಕ ಕೂಡಿಸುವುದು ಹೇಗೆ ಎಂಬುದಕ್ಕೆ 'ಸ್ನೇಕ್ ಈಟರ್'ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಶೀತಲ ಸಮರದ ಕಾಲ. ಮುಂದೆ ಬಿಗ್ ಬಾಸ್ ಆಗಲಿರುವ ಯುವಕನನ್ನು ಅಮೆರಿಕ ಸೋವಿಯತ್ ಕಾಡಿಗೆ ಇಳಿಸುತ್ತದೆ. ಶತ್ರುವಿನ ಕಡೆ ಸೇರಿಕೊಂಡ ತನ್ನ ಗುರುವನ್ನು ಅವನು ಕೊಲ್ಲಬೇಕು. ಅವಳನ್ನು 'ದಿ ಬಾಸ್' ಎನ್ನುತ್ತಾರೆ, ತಾಯಿಗಿಂತ ಹೆಚ್ಚಾಗಿ ಅವನನ್ನು ರೂಪಿಸಿದವಳು. ಬಿಳಿ ಹೂವಿನ ಬಯಲಿನಲ್ಲಿ ಅವಳನ್ನು ಸೋಲಿಸುತ್ತೀರಿ. ಅವಳು ನೆಲದ ಮೇಲೆ ಮಲಗಿದ್ದಾಳೆ, ನಿಮ್ಮ ಕೈಯಲ್ಲಿ ಬಂದೂಕಿದೆ. ಸಿನಿಮಾ ನಡೆಯುತ್ತಿದೆ ಎಂದುಕೊಂಡು ಸುಮ್ಮನೆ ಕೂರುತ್ತೀರಿ. ಏನೂ ಆಗುವುದಿಲ್ಲ. ಗುಂಡಿ ಒತ್ತಬೇಕಾದವರು ನೀವು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಅವಳು ದ್ರೋಹಿಯೇ ಅಲ್ಲ, ದೇಶದ ಆಜ್ಞೆಯಂತೆ ದ್ರೋಹಿಯ ವೇಷ ಹಾಕಿದವಳು ಎಂದು ಆಮೇಲೆ ತಿಳಿಯುತ್ತದೆ. ದೇಶ ಆ ಕೊಲೆಗಾಗಿ ಅವನಿಗೆ ಪದಕ ತೊಡಿಸಿ ಬಿಗ್ ಬಾಸ್ ಎಂಬ ಬಿರುದು ಕೊಡುತ್ತದೆ.

ಈ ಆಟ ಆಡಲು ಹಿಂದಿನ ಯಾವ ಆಟವೂ ಗೊತ್ತಿರಬೇಕಿಲ್ಲ. ಗೊತ್ತಿದ್ದವರಿಗೆ ಇನ್ನೊಂದು ಪೆಟ್ಟು ಕಾದಿದೆ. ಹಳೆಯ ಆಟದಲ್ಲಿ ನಾವು ಸ್ಪ್ರೇ ಡಬ್ಬಿ ಹಿಡಿದು ಸುಟ್ಟ ಖಳನಾಯಕ ಇವನೇ. 1990ರಲ್ಲಿ ಅವನು ಪರದೆಯ ಮೇಲಿನ ಕೆಲವು ಬಣ್ಣದ ಚುಕ್ಕಿಗಳಾಗಿದ್ದ. ಈಗ ಅವನಿಗೊಂದು ದುಃಖವಿದೆ. ಹಳೆಯ ಕತೆಯ ಒಂದು ಅಕ್ಷರವನ್ನೂ ತಿದ್ದದೆ 'ಸ್ನೇಕ್ ಈಟರ್' ಹಳೆಯ ಕತೆಯನ್ನು ಭಾರ ಮಾಡಿತು. ಹಿಂದಿನ ಕತೆ ಹೇಳಲು ಹೊರಟವರು ಇಷ್ಟು ಮಾಡಿದರೆ ನನ್ನ ತಕರಾರಿಲ್ಲ.

ರಸೀದಿ ಅಂಟಿಸುವ ಕೆಲಸ 2008ರಲ್ಲಿ ಶುರುವಾಯಿತು. ನಾಲ್ಕನೆಯ ಭಾಗ ಕತೆಯ ಕಾಲದಲ್ಲಿ ಮುಂದಿನದು, ನಿಜ. ಆದರೆ ಅದು ಮಾಡಿದ್ದು ಹಿಂದಿನದನ್ನು ತಿದ್ದುವ ಕೆಲಸ. 'ಸ್ನೇಕ್ ಈಟರ್'ನಲ್ಲಿ ನಾಯಕನ ಜೊತೆ ರೇಡಿಯೊದಲ್ಲಿ ಮಾತಾಡುವ ಮೂವರಿದ್ದರು. ಜೇಮ್ಸ್ ಬಾಂಡ್ ಹುಚ್ಚಿನ ಮೇಜರ್ ಝೀರೊ, ಆಟ ಸೇವ್ ಮಾಡುವಾಗಲೆಲ್ಲ ಸಿನಿಮಾ ಕತೆ ಹೇಳುವ ಪ್ಯಾರಾಮೆಡಿಕ್, ಆಯುಧಗಳ ಬಗ್ಗೆ ತಮಾಷೆ ಮಾಡುವ ಸಿಗಿಂಟ್. ಹಾವು, ಕಪ್ಪೆ ಹಿಡಿದು ತಿನ್ನುವಾಗ "ಇದರ ರುಚಿ ಹೇಗಿರುತ್ತೆ?" ಎಂದು ನಾಯಕ ಕೇಳುತ್ತಿದ್ದದ್ದು ಆ ಹೆಂಗಸನ್ನೇ. ಒಂಟಿ ಕಾಡಿನಲ್ಲಿ ಅವರ ದನಿಗಳೇ ನಮಗೆ ಮನೆಯಾಗಿದ್ದವು. ನಾಲ್ಕನೆಯ ಭಾಗ ಏನು ಹೇಳಿತು ಗೊತ್ತೇ? ಸರಣಿಯುದ್ದಕ್ಕೂ ಜಗತ್ತನ್ನು ತೆರೆಮರೆಯಿಂದ ಆಳುತ್ತಿದ್ದ 'ಪೇಟ್ರಿಯಟ್ಸ್' ಕೂಟವನ್ನು ಕಟ್ಟಿದವರೇ ಇವರಂತೆ. ಸಿನಿಮಾ ಹುಚ್ಚಿನ ಹೆಂಗಸೇ ಭಯಾನಕ ಪ್ರಯೋಗಗಳ ವೈದ್ಯೆಯಂತೆ. 1998ರ ಆಟದಲ್ಲಿ ಸತ್ತ ಅಧಿಕಾರಿಯೇ ಆ ತಮಾಷೆಯ ಸಿಗಿಂಟ್ ಅಂತೆ.

ಯಾರಿಗೆ ಬೇಕಿತ್ತು ಇದು? ಹೆಸರಿಲ್ಲದ, ಮುಖವಿಲ್ಲದ ಅಧಿಕಾರದ ಬಗ್ಗೆ 2001ರ ಆಟದಲ್ಲಿ ಮೂಡಿದ ದಿಗಿಲು, ನಾಲ್ಕು ಜನ ಹಳೇ ಸಹೋದ್ಯೋಗಿಗಳ ಮನಸ್ತಾಪವಾಗಿ ಕುಗ್ಗಿತು. ಸಣ್ಣ ಊರಿನ ಮದುವೆಮನೆಯಲ್ಲಿ ಯಾರನ್ನು ಮಾತಾಡಿಸಿದರೂ ಕೊನೆಗೆ ನೆಂಟರೇ ಆಗಿಬಿಡುತ್ತಾರಲ್ಲ, ಹಾಗೆ. ಮದುವೆಮನೆಯಲ್ಲಿ ಅದು ಖುಷಿ. ಜಗತ್ತಿನ ಅಣುಬಾಂಬುಗಳ ಬಗ್ಗೆ ಹೇಳುವ ಕತೆಯಲ್ಲಿ ಅದು ಜಗತ್ತನ್ನೇ ಚಿಕ್ಕದು ಮಾಡುತ್ತದೆ. 'ಫ್ಯಾಂಟಮ್ ಪೇನ್'ಗೆ ಬರುವಷ್ಟರಲ್ಲಿ 1984ರ ಆಫ್ಘಾನಿಸ್ತಾನ ಮತ್ತು ಆಫ್ರಿಕಾದಲ್ಲೂ ಅದೇ ನೆಂಟರು. 1998ರ ಖಳ ಲಿಕ್ವಿಡ್ ಅಲ್ಲಿ ಬಾಲಕ, ಅದೇ ಆಟದ ಸೈಕೊ ಮ್ಯಾಂಟಿಸ್ ಕೂಡ ಬಾಲಕ, ವಿಜ್ಞಾನಿ ಒಟಕಾನ್‌ನ ಅಪ್ಪ ಅಲ್ಲೇ ಇಂಜಿನಿಯರು.

ಯಂತ್ರಗಳ ಕತೆಯೂ ಇಷ್ಟೇ. 1987ರ ಆಟದಲ್ಲಿ ಎರಡು ಕಾಲಿನ ಅಣ್ವಸ್ತ್ರ ಯಂತ್ರ ಮೆಟಲ್ ಗೇರ್ ಒಂದು ಹೊಸ ಭೀತಿ, ಜಗತ್ತು ಕಂಡಿರದ ವಸ್ತು. ಪ್ರೀಕ್ವೆಲ್‌ಗಳು ಅದಕ್ಕಿಂತ ದೊಡ್ಡ, ಜಾಣ ಯಂತ್ರಗಳನ್ನು ಅದಕ್ಕೂ ಮುಂಚೆಯೇ ನಿಲ್ಲಿಸಿದವು. 1974ರಲ್ಲೇ ಸತ್ತ ಗುರುವಿನ ಮನಸ್ಸನ್ನು ಅನುಕರಿಸುವ ಕೃತಕ ಬುದ್ಧಿ, 1984ರಲ್ಲೇ ಬೆಟ್ಟದಂತೆ ಎದ್ದು ನಿಲ್ಲುವ ಸಹೆಲಾಂತ್ರೊಪಸ್. ಹೊಸ ಆಟ ಕೊಳ್ಳುವವರಿಗೆ ಹೊಸ ಬೆರಗು ಬೇಕು, ಅರ್ಥವಾಗುತ್ತದೆ. ಆದರೆ ತಾತನ ಹತ್ತಿರ ವಿಮಾನವಿತ್ತು ಎಂದು ಹೇಳಿದ ಮೇಲೆ ಮೊಮ್ಮಗನ ಸೈಕಲ್ಲನ್ನು ಊರೇ ಬೆರಗಿನಿಂದ ನೋಡಿತು ಎಂದರೆ ನಂಬುವುದು ಹೇಗೆ?

ಕೊನೆಯ ರಸೀದಿಯೇ ಎಲ್ಲಕ್ಕಿಂತ ದೊಡ್ಡದು. 'ಫ್ಯಾಂಟಮ್ ಪೇನ್'ನ ಕೊನೆಯಲ್ಲಿ, ಇಷ್ಟು ಹೊತ್ತು ನಾವು ಆಡಿಸಿದ ಬಿಗ್ ಬಾಸ್ ಬಿಗ್ ಬಾಸ್ ಅಲ್ಲವೇ ಅಲ್ಲ ಎಂದು ಗೊತ್ತಾಗುತ್ತದೆ. ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿ, ನೆನಪುಗಳನ್ನು ತುಂಬಿ, ಬಿಗ್ ಬಾಸ್ ಎಂದು ನಂಬಿಸಿದ ಒಬ್ಬ ಸೇನಾ ವೈದ್ಯಕೀಯ ಸಹಾಯಕ ಅವನು. 1987ರಲ್ಲಿ ನಾವು ಸೋಲಿಸಿದ್ದು ಈ ಬದಲಿ ಮನುಷ್ಯನನ್ನಂತೆ. ನಿಜವಾದ ಬಿಗ್ ಬಾಸ್ ಸತ್ತದ್ದು 1990ರ ಆಟದಲ್ಲಿ. ಅಲ್ಲ, ಅಲ್ಲೂ ಸತ್ತಿರಲಿಲ್ಲ, 2008ರ ಆಟದ ಕೊನೆಗೆ ಬಂದು ಗುರುವಿನ ಸಮಾಧಿಯ ಮುಂದೆ ಸತ್ತ. ಒಬ್ಬ ಮನುಷ್ಯ ಎಷ್ಟು ಸಲ ಸಾಯಬಹುದು? ಮೊದಲ ಆಟದಲ್ಲಿ ಸೋತವನು ಎರಡನೆಯದರಲ್ಲಿ ಹೇಗೆ ಬಂದ ಎಂಬ ಪ್ರಶ್ನೆ 25 ವರ್ಷ ನನ್ನಂಥ ಯಾವ ಆಟಗಾರನ ನಿದ್ದೆಯನ್ನೂ ಕೆಡಿಸಿರಲಿಲ್ಲ. ಉತ್ತರ ಬಂದ ಮೇಲೆ ಮಾತ್ರ ನಿದ್ದೆ ಕೆಟ್ಟಿತು.

ಇದಕ್ಕೆ ಗೆಳೆಯನೊಬ್ಬ ಗಟ್ಟಿಯಾದ ಉತ್ತರ ಕೊಡುತ್ತಾನೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 'ಫ್ಯಾಂಟಮ್ ಪೇನ್' ಶುರುವಾಗುವಾಗ ನಿಮ್ಮ ಹೆಸರು, ಹುಟ್ಟಿದ ದಿನ ಕೇಳುತ್ತದೆ, ಒಂದು ಮುಖವನ್ನು ರೂಪಿಸಲು ಹೇಳುತ್ತದೆ. ಆ ಬದಲಿ ಮನುಷ್ಯ ನೀವೇ. ಇಷ್ಟು ವರ್ಷ ಬೇರೆಯವರ ಕೀರ್ತಿಯನ್ನು ನಿಮ್ಮ ಕೈಯಿಂದ ಆಡಿದ ಆಟಗಾರನಿಗೆ, "ನೀನೂ ಬಿಗ್ ಬಾಸ್" ಎಂದು ಸರಣಿ ಕೈಕುಲುಕಿ ಬೀಳ್ಕೊಡುತ್ತಿದೆ. ಹೀಗೆ ಅವನು ವಾದಿಸುವಾಗ ನನ್ನ ಗಂಟಲೂ ಕಟ್ಟುತ್ತದೆ. ಆಟಗಾರನ ಬಗ್ಗೆ ಇಷ್ಟು ಚಂದದ ಯೋಚನೆ ಬೇರೆ ಸರಣಿಗಳಲ್ಲಿ ಅಪರೂಪ. ಆದರೆ ಆ ಯೋಚನೆಗೆ 1987ರ ಸಾವನ್ನು ಒತ್ತೆ ಇಡಬೇಕಾಗಿರಲಿಲ್ಲ. ಹೆಸರು ಕದ್ದವನೊಬ್ಬನ ದುಃಖವಾಗಿಯೇ ಅದು ನಿಲ್ಲಬಹುದಿತ್ತು. ಹಳೆಯ ಒಗಟಿಗೆ ಉತ್ತರವೂ ಆಗಲು ಹೋಗಿ, ಆ ಮನುಷ್ಯ ಕತೆಯ ತೂತು ಮುಚ್ಚುವ ತೇಪೆಯಾದ.

ಇನ್ನೊಂದು ವಾದ ನಮ್ಮ ಕಡೆಯಿಂದಲೇ ಬರುತ್ತದೆ. ಪೂರ್ವಕತೆ ಹೇಳುವುದು ನಮ್ಮ ಕಾವ್ಯದ ಹಳೇ ಚಾಳಿಯಲ್ಲವೇ? ಕ್ರಿ.ಶ. 941ರಲ್ಲಿ ಪಂಪ 'ಆದಿಪುರಾಣ' ಬರೆದಾಗ ಮೊದಲ ತೀರ್ಥಂಕರನ ಹಿಂದಿನ ಜನ್ಮಗಳನ್ನೆಲ್ಲ, ಅಂದರೆ ಭವಾವಳಿಯನ್ನು, ಹೇಳಿಯೇ ಮುಂದೆ ಹೋದ. ಅದು ಗೋಜಲಾಗದಿದ್ದರೆ ಇದು ಹೇಗೆ ಗೋಜಲು? ಒಳ್ಳೆಯ ಪ್ರಶ್ನೆ. ವಜ್ರಜಂಘ, ಶ್ರೀಮತಿಯರ ಸಾವನ್ನು ನೆನಪು ಮಾಡಿಕೊಳ್ಳಿ. ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ, ಅಪ್ಪಿಕೊಂಡೇ ಇಬ್ಬರೂ ಉಸಿರು ಕಟ್ಟಿ ಸಾಯುತ್ತಾರೆ. ಅವರು ಮುಂದೆ ಯಾರಾಗಿ ಹುಟ್ಟುತ್ತಾರೆಂದು ಗೊತ್ತಿಲ್ಲದವನಿಗೂ ಆ ಹೊಗೆ ತಟ್ಟುತ್ತದೆ. ಮುಂದೆ ನೀಲಾಂಜನೆ ಕುಣಿಯುತ್ತಲೇ ಮರೆಯಾದಾಗ ಆದಿದೇವನಿಗೆ ವೈರಾಗ್ಯ ಹುಟ್ಟುತ್ತದೆ. ಓದುತ್ತ ಬಂದವರಿಗೆ ಅದರ ಹಿಂದೆ ಆ ಎಲ್ಲ ಜನ್ಮಗಳ ಸುಖ, ಸಾವುಗಳು ಕೂಡಿಕೊಳ್ಳುತ್ತವೆ. ಹಿಂದಿನ ಜನ್ಮ ಮುಂದಿನದರ ತಪ್ಪು ತಿದ್ದಲು ಬಂದಿಲ್ಲ. 'ಅಲ್ಲಿ ಸತ್ತವನು ಅವನಲ್ಲ, ಅವನ ಬದಲಿ' ಎಂದು ಪಂಪ ಎಲ್ಲೂ ಹೇಳುವುದಿಲ್ಲ.

ಕಾಲಾನುಕ್ರಮಣಿಕೆ ಜೋಡಿಸುವುದರಲ್ಲೇ ನಮಗೆ ಖುಷಿ ಇದೆ ಎನ್ನುವವರೂ ಇದ್ದಾರೆ. ನನಗೂ ಆ ಖುಷಿ ಗೊತ್ತು, ನನ್ನ ಹಾಳೆಯೇ ಸಾಕ್ಷಿ. ಆದರೆ ಅದು ಈಗಾಗಲೇ ಒಳಗಿರುವವರ ಖುಷಿ. ಕತೆ ತನ್ನ ಹಳೇ ಗಿರಾಕಿಗಳ ಜೊತೆ ಲೆಕ್ಕ ಚುಕ್ತಾ ಮಾಡುತ್ತ ಕೂತರೆ ಬಾಗಿಲಲ್ಲಿ ನಿಂತ ಹುಡುಗನನ್ನು ಯಾರು ಮಾತಾಡಿಸಬೇಕು? ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕ ಜಗತ್ತಿನಲ್ಲಿ ಹೊಸಬನಿಗೆ ಕೇಳಲು ಏನೂ ಉಳಿದಿರುವುದಿಲ್ಲ.

ಹುಡುಗ ಊರಿಗೆ ಹೊರಡುವ ನಾಲ್ಕು ದಿನ ಮುಂಚೆ ನಾನು ಹಾಳೆಯನ್ನು ಡ್ರಾದೊಳಗೆ ತಳ್ಳಿ, 'ಸ್ನೇಕ್ ಈಟರ್' ಹಾಕಿಕೊಟ್ಟೆ. ಇದರ ಹಿಂದೆ ಮುಂದೆ ಏನಿದೆ ಎಂದು ಒಂದು ಮಾತೂ ಆಡಲಿಲ್ಲ. ಅಡುಗೆಮನೆಯಿಂದಲೇ ಅವನು ಕಪ್ಪೆ ತಿನ್ನಿಸಿ ನಗುವುದು ಕೇಳುತ್ತಿತ್ತು. ಕೊನೆಯ ರಾತ್ರಿ ಹೂವಿನ ಬಯಲು ಬಂತು. ನಾನು ಹಿಂದೆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದೆ. ಹುಡುಗ ಕಂಟ್ರೋಲರ್ ಹಿಡಿದು ಕಾದ. ಇನ್ನೂ ಕಾದ. ಆಮೇಲೆ ಹಿಂದೆ ತಿರುಗದೆಯೇ ಕೇಳಿದ: "ಮಾಮ, ಇದನ್ನ ನಾನೇ ಮಾಡಬೇಕಾ?"

ಹೌದು ಎಂದೆ. ಬೇರೇನೂ ವಿವರಿಸಲಿಲ್ಲ.

ಅವನು ಒತ್ತಿದ. ಹೂವುಗಳೆಲ್ಲ ಕೆಂಪಾದವು. ಡ್ರಾದಲ್ಲಿದ್ದ ಹಾಳೆಯನ್ನು ಅವನು ಆಮೇಲೂ ಕೇಳಲಿಲ್ಲ, ನಾನೂ ಕೊಡಲಿಲ್ಲ.