ಟೊಮೇಟೊಗೆ ಲಾಕ್‌ಡೌನ್ ಗೊತ್ತಿರಲಿಲ್ಲ



2020ರ ಯುಗಾದಿ ಯಾವ ದಿನ ಬಂದಿತ್ತು ಗೊತ್ತಾ? ಮಾರ್ಚ್ 25, ಬುಧವಾರ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಆಗ ನೀವು ಇನ್ನೂ ಚಿಕ್ಕವರು. ಬಸ್ಸಿಲ್ಲ, ಸಂತೆ ಇಲ್ಲ, ಜಾತ್ರೆ ಇಲ್ಲ. ಆದರೆ ಬೇವು ಹೂ ಬಿಟ್ಟಿತ್ತು, ಹೊಂಗೆ ಚಿಗುರಿತ್ತು, ಮಾವಿನಲ್ಲಿ ಕಾಯಿ ಇತ್ತು. ವಸಂತಕ್ಕೆ ಯಾವ ಸರ್ಕಾರದ ಆದೇಶವೂ ತಲುಪಿರಲಿಲ್ಲ.

ಶಾಲೆಗಳು ಮತ್ತೆ ತೆರೆದಾಗ ನಾವು ಮೇಷ್ಟ್ರುಗಳೆಲ್ಲ ಒಂದೇ ಮಾತು ಹೇಳುತ್ತಿದ್ದೆವು: ‘ಕಲಿಕಾ ನಷ್ಟ’. ಅದು ಸುಳ್ಳಲ್ಲ. ಅಜೀಂ ಪ್ರೇಮ್‌ಜಿ ಸಂಸ್ಥೆಯವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಗೊತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಮರೆತವರು ನೂರಕ್ಕೆ 92 ಮಂದಿ. ಗಣಿತದಲ್ಲಿ 82. ಓದಿದರೆ ಎದೆ ಝಲ್ಲೆನ್ನುವ ಲೆಕ್ಕ. ಆಮೇಲೆ ನಮ್ಮ ರಾಜ್ಯದಲ್ಲಿ ‘ಕಲಿಕಾ ಚೇತರಿಕೆ’ ಬಂತು, ತಮಿಳುನಾಡಿನಲ್ಲಿ ‘ಇಲ್ಲಂ ತೇಡಿ ಕಲ್ವಿ’ ಅಂದರೆ ‘ಮನೆ ಹುಡುಕಿ ಬರುವ ಶಿಕ್ಷಣ’ ಬಂತು. ಎರಡೂ ಬೇಕಾಗಿದ್ದವು.

ಆದರೆ ಮರೆತದ್ದನ್ನು ಎಣಿಸಿದ ಹಾಗೆ, ಆ ದಿನಗಳಲ್ಲಿ ಹೊಸದಾಗಿ ಕಂಡದ್ದನ್ನು ನಾವು ಎಣಿಸಲಿಲ್ಲ. ಹೊಲದ ಮನೆಯ ಮಕ್ಕಳು ಆ ವಸಂತದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನೋಡಿದ್ದು ವಿಜ್ಞಾನವೇ ಅಂತ ನನ್ನ ವಾದ. ಅದನ್ನು ಶಾಲೆ ಕೇಳಬೇಕು, ಬರೆಸಬೇಕು, ಅಲ್ಲಿಂದಲೇ ಪಾಠ ಶುರು ಮಾಡಬೇಕು. ಬರೀ ಮಾತಲ್ಲಿ ಹೇಳಿದರೆ ನೀವು ಒಪ್ಪಲಿಕ್ಕಿಲ್ಲ. ಒಂದು ಊರನ್ನು ನೋಡೋಣ ಬನ್ನಿ.

ತಮಿಳುನಾಡಿನ ಕೊಯಮತ್ತೂರಿನಿಂದ ದಕ್ಷಿಣಕ್ಕೆ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ ಕಿಣತ್ತುಕಡವು ಅಂತ ಊರು ಸಿಗುತ್ತದೆ. ‘ಕಿಣರು’ ಅಂದರೆ ತಮಿಳಲ್ಲಿ ಬಾವಿ. ಪಶ್ಚಿಮಕ್ಕೆ ನೋಡಿದರೆ ಪಾಲಕ್ಕಾಡ್ ಕಣಿವೆ. ಪಶ್ಚಿಮ ಘಟ್ಟದ ಗೋಡೆಯಲ್ಲಿ ದೊಡ್ಡ ಬಾಗಿಲು ತೆರೆದಿಟ್ಟ ಹಾಗೆ ಆ ಕಣಿವೆ ಇರೋದರಿಂದ ಗಾಳಿ ಜೋರು. ಸುತ್ತ ತೆಂಗು, ಜೋಳ, ಸಣ್ಣ ಈರುಳ್ಳಿ, ತರಕಾರಿ. ಊರಿಗೆ ಹೆಸರು ತಂದದ್ದು ಟೊಮೇಟೊ ಮಾರುಕಟ್ಟೆ; ಕೇರಳದ ವ್ಯಾಪಾರಿಗಳೂ ಇಲ್ಲಿಗೆ ಬಂದು ಪೆಟ್ಟಿಗೆ ಪೆಟ್ಟಿಗೆ ಕೊಂಡೊಯ್ಯುತ್ತಾರೆ. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಒಕ್ಕಲು ಮನೆತನಗಳು ತಲೆಮಾರುಗಳಿಂದ ಇವೆ. ಅಲ್ಲಿನ ಮಗುವಿಗೆ ಅಜ್ಜಿಯ ಮಾತು ಕನ್ನಡ, ಶಾಲೆಯ ಪುಸ್ತಕ ತಮಿಳು.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡೆಕರೆ ಜಮೀನು, ಅರ್ಧ ಎಕರೆಯಲ್ಲಿ ಟೊಮೇಟೊ, ಒಂದಿಷ್ಟು ಸಣ್ಣ ಈರುಳ್ಳಿ, ಬದುವಿನ ಮೇಲೆ ತೆಂಗು, ಕೊಟ್ಟಿಗೆಯಲ್ಲಿ ಎರಡು ಹಸು. ಲಾಕ್‌ಡೌನ್ ಬಂದ ವಾರ ಆಳುಗಳು ಬರಲಿಲ್ಲ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು – ಇಷ್ಟೇ ಕೈ. ಮೊದಲು ಯಾವ ಕೆಲಸ?

ಹಸು. ಅದರಲ್ಲಿ ಎರಡು ಮಾತಿಲ್ಲ. ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿಯುತ್ತದೆ, ಕೆಚ್ಚಲು ಬಾವು ಬರುವ ಅಪಾಯ ಇದೆ. ಹಾಲು ಕೆಚ್ಚಲಲ್ಲೇ ನಿಂತರೆ ಮುಂದೆ ಉತ್ಪತ್ತಿಯೂ ಇಳಿಯುತ್ತದೆ. ಕರೆದ ಹಾಲಿಗೋ, ಇನ್ನೊಂದು ಗಡಿಯಾರ. ಬೆಚ್ಚನೆಯ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೆ ಇಮ್ಮಡಿಯಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ ಐದು ಗಂಟೆಯಲ್ಲಿ ಎಷ್ಟು? 1,024. ಡೇರಿಯ ಕ್ಯಾನು ಬರೋದು ತಡವಾದ ದಿನ ಅಜ್ಜಿ ಹಾಲು ಕಾಯಿಸಿ ಹೆಪ್ಪು ಹಾಕಿದರೆ ಅದು ಈ ಲೆಕ್ಕಕ್ಕೆ ಅವರು ಕೊಟ್ಟ ಉತ್ತರ. ಮೊಸರು ಎರಡು ದಿನ ತಾಳುತ್ತದೆ, ತುಪ್ಪ ತಿಂಗಳುಗಟ್ಟಲೆ. ತುಪ್ಪದಲ್ಲಿ ನೀರಿನ ಪಾಲು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ನೀರಿಲ್ಲದ ಕಡೆ ಸೂಕ್ಷ್ಮಜೀವಿಗಳಿಗೆ ಬದುಕಿಲ್ಲ.

ಆಮೇಲೆ ಟೊಮೇಟೊ. ಕಷ್ಟ ಇದ್ದದ್ದು ಇಲ್ಲೇ.

ಗಿಡದಿಂದ ಕಿತ್ತ ಮೇಲೂ ಟೊಮೇಟೊ ಜೀವಂತ. ಅದು ಉಸಿರಾಡುತ್ತದೆ, ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ತುಸು ಶಾಖವನ್ನೂ ಬಿಡುತ್ತದೆ. ಜೊತೆಗೆ ಎಥಿಲೀನ್ ಅನ್ನುವ ಅನಿಲವನ್ನು ತಾನೇ ತಯಾರಿಸುತ್ತದೆ. ಆ ಅನಿಲ ಹಣ್ಣಾಗಿಸುವ ಸಂದೇಶ. ಒಂದು ಹಣ್ಣು ಬಿಟ್ಟ ಎಥಿಲೀನ್ ಪಕ್ಕದ ಕಾಯಿಗೂ ತಾಗಿ, ಅದೂ ಹಣ್ಣಾಗತೊಡಗುತ್ತದೆ. ಬುಟ್ಟಿಯಲ್ಲಿ ಪೂರ್ತಿ ಹಣ್ಣಾದದ್ದು ಒಂದಿದ್ದರೂ ತೆಗೆದು ಬೇರೆ ಇಡಿ ಅಂತ ಮನೆಯಲ್ಲಿ ಹೇಳ್ತಾರಲ್ಲ, ಕಾರಣ ಇದು. ದೂರದ ಊರಿಗೆ ಕಳಿಸೋ ರೈತರು ಕೆಂಪು ಹಣ್ಣು ಕೀಳೋದಿಲ್ಲ, ಬಣ್ಣ ತಿರುಗುತ್ತಿರುವ ದೋರೆಗಾಯಿ ಕೀಳುತ್ತಾರೆ. ಲಾರಿಯಲ್ಲಿ ಹೋಗುತ್ತಾ ಹೋಗುತ್ತಾ ಅದು ಹಣ್ಣಾಗಲಿ ಅಂತ. ಅಂದರೆ ರೈತನ ಲೆಕ್ಕದಲ್ಲಿ ರಸ್ತೆಯೂ ಹಣ್ಣಾಗುವ ಜಾಗವೇ!

ಕೇಂದ್ರ ಗೃಹ ಸಚಿವಾಲಯ ಮಾರ್ಚ್ 27ರಂದು ಬೇಸಾಯದ ಕೆಲಸಕ್ಕೂ ಕೃಷಿ ಮಾರುಕಟ್ಟೆಗಳಿಗೂ ವಿನಾಯಿತಿ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಹೋಟೆಲು ಮುಚ್ಚಿತ್ತು, ಮದುವೆ ಊಟ ಇರಲಿಲ್ಲ, ರಾಜ್ಯದ ಗಡಿಯಲ್ಲಿ ತಪಾಸಣೆ, ಲಾರಿಗಳು ಕಡಿಮೆ. ಹೊಲಕ್ಕೆ ವಿನಾಯಿತಿ ಸಿಕ್ಕಿತು, ತಿನ್ನುವ ಬಾಯಿಯ ತನಕದ ದಾರಿ ಮಾತ್ರ ತುಂಡುತುಂಡಾಗಿತ್ತು. ಟೊಮೇಟೊ ಕಾಯಲಿಲ್ಲ. ಕರ್ನಾಟಕದಲ್ಲೂ ಆ ಬೇಸಿಗೆಯಲ್ಲಿ ತರಕಾರಿ, ಹೂವು, ದ್ರಾಕ್ಷಿ ಬೆಳೆದವರು ಬೆಳೆಯನ್ನು ಹೊಲದಲ್ಲೇ ಬಿಟ್ಟದ್ದನ್ನು, ಸುರಿದದ್ದನ್ನು ಟಿವಿಯಲ್ಲಿ ನೋಡಿದೆವು.

ಆಗ ಊರ ತುಂಬ ಒಂದು ಸಲಹೆ ಓಡಾಡುತ್ತಿತ್ತು: “ಯಾಕೆ ಸುರೀಬೇಕು? ಒಣಗಿಸಿ ಇಟ್ಟುಕೊಳ್ಳಬಹುದಿತ್ತಲ್ಲ!” ಹೇಳೋದು ಸುಲಭ. ಲೆಕ್ಕ ಹಾಕಿ ನೋಡೋಣ. ಟೊಮೇಟೊದಲ್ಲಿ ನೀರು ಸುಮಾರು ಶೇಕಡಾ 94. ನೂರು ಕೆಜಿ ಹಣ್ಣಿನಲ್ಲಿ ನೀರು ಬಿಟ್ಟು ಉಳಿಯೋದು 6 ಕೆಜಿ. ಶೇಕಡಾ 10ರಷ್ಟು ನೀರು ಉಳಿಯುವ ಹಾಗೆ ಒಣಗಿಸಿದರೆ ಕೈಗೆ ಬರೋದು ಸುಮಾರು 6.7 ಕೆಜಿ. ಅಂದರೆ 93 ಕೆಜಿಗೂ ಹೆಚ್ಚು ನೀರನ್ನು ಆವಿ ಮಾಡಬೇಕು. ಒಂದು ಕೆಜಿ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಕ್ತಿ ಬೇಕು, ಒಟ್ಟು 220ರ ಮೇಲೆ. ನಮ್ಮ ಕಡೆ ಬೇಸಿಗೆಯ ದಿನ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಬಿಸಿಲು ಸುಮಾರು 20 ಮೆಗಾಜೂಲ್. ಒಂದು ಹನಿ ಶಾಖವೂ ಪೋಲಾಗದಿದ್ದರೆ 11 ಚದರ ಮೀಟರ್ ಸಾಕು. ನಿಜದಲ್ಲಿ ಅದರ ಮೂರು ನಾಲ್ಕು ಪಟ್ಟು ಬೇಕಾದೀತು. ಇದು ನೂರು ಕೆಜಿಗೆ. ಒಂದು ಪೆಟ್ಟಿಗೆಗೆ 15 ಕೆಜಿಯಂತೆ ಒಂದು ಕೊಯ್ಲಿಗೆ 50 ಪೆಟ್ಟಿಗೆ ಬಂದರೆ 750 ಕೆಜಿ! ಅಷ್ಟನ್ನೂ ಹೆಚ್ಚಬೇಕು, ಹರವಬೇಕು, ಕಣಿವೆಯ ಗಾಳಿ ತರುವ ದೂಳಿನಿಂದ ಮುಚ್ಚಬೇಕು, ಸಂಜೆ ಮಳೆಯ ಲಕ್ಷಣ ಕಂಡರೆ ಒಳಗೆ ಸಾಗಿಸಬೇಕು. ಕೈ ಇರೋದು ಐದು ಜನರದ್ದು. ಸುರಿದವರು ದಡ್ಡರಲ್ಲ, ಲೆಕ್ಕ ಬಲ್ಲವರು.

ಕೀಳದೆ ಗಿಡದಲ್ಲೇ ಬಿಟ್ಟರೆ? ಬಿಡಬಹುದು, ಅದಕ್ಕೂ ಬೆಲೆ ಇದೆ. ಹಣ್ಣಾದವು ಕೊಳೆತು ರೋಗ-ಕೀಟಗಳಿಗೆ ನೆಲೆಯಾಗುತ್ತವೆ. ಗಿಡ ತನ್ನ ಶಕ್ತಿಯನ್ನೆಲ್ಲ ಬೀಜ ಬಲಿಸೋದಕ್ಕೆ ಹಾಕಿ, ಹೊಸ ಹೂವು ಕಡಿಮೆ ಮಾಡುತ್ತದೆ. ಅದರ ಮೇಲೆ ಏಪ್ರಿಲ್ ಬಿಸಿಲು ಬೇರೆ. ತೀರಾ ಸೆಕೆಯಲ್ಲಿ ಪರಾಗ ಕೆಟ್ಟು ಹೂವು ಉದುರುತ್ತದೆ. 30 ಡಿಗ್ರಿ ದಾಟಿದರೆ ಲೈಕೋಪೀನ್ ಅನ್ನುವ ಕೆಂಪು ಬಣ್ಣ ಸರಿಯಾಗಿ ಕಟ್ಟೋದಿಲ್ಲ, ಹಣ್ಣು ಹಳದಿ-ಕಿತ್ತಳೆಯಾಗೇ ಉಳಿಯುತ್ತದೆ. ‘ಬಿಸಿಲಿಗೆ ಬಣ್ಣ ಬರಲಿಲ್ಲ’ ಅಂತ ಹೊಲದಲ್ಲಿ ಹೇಳೋದು ಇದನ್ನೇ.

ಇದೇ ಮನೆಯ ತೆಂಗಿನಕಾಯಿ ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ ಆರಾಮಾಗಿ ಬಿದ್ದಿತ್ತು. ಎಳನೀರು ಕಾಯೋದಿಲ್ಲ, ಬಲಿತ ಕಾಯಿ ಕಾಯುತ್ತದೆ. ಜೋಳವನ್ನು ಶೇಕಡಾ 12ರಷ್ಟು ತೇವಕ್ಕೆ ಒಣಗಿಸಿದರೆ ಮುಂದಿನ ಬೆಳೆವರೆಗೂ ಇರುತ್ತದೆ. ಹಾಗಾದರೆ ನೀರು ಹೆಚ್ಚಿದ್ದಷ್ಟೂ ಬೇಗ ಕೆಡುತ್ತದೆ ಅಂತ ಸೂತ್ರ ಬರೆದುಬಿಡೋಣವೇ? ಆತುರ ಬೇಡ. ಸಣ್ಣ ಈರುಳ್ಳಿಯಲ್ಲೂ ನೂರಕ್ಕೆ ಎಂಬತ್ತರಷ್ಟು ನೀರಿದೆ, ಆದರೂ ತೆಂಗಿನ ಗರಿ ಹೊದಿಸಿ ಗಾಳಿಯಾಡುವ ಹಾಗೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಯಾಕೆ? ಈರುಳ್ಳಿ ಹಣ್ಣಲ್ಲ, ಮುಂದಿನ ಮಳೆಗೆ ಚಿಗುರಲು ಕಾದು ಮಲಗಿರುವ ಗೆಡ್ಡೆ. ಅದರ ಉಸಿರಾಟ ನಿಧಾನ, ಮೇಲಿನ ಒಣ ಸಿಪ್ಪೆ ನೀರನ್ನು ಒಳಗೇ ಹಿಡಿದಿಡುತ್ತದೆ. ಟೊಮೇಟೊದ ಕೆಲಸ ಬೇರೆ. ಪ್ರಾಣಿ-ಪಕ್ಷಿ ತಿಂದು ಬೀಜ ಚೆಲ್ಲಲಿ ಅಂತಲೇ ಅದು ಮೆತ್ತಗಾಗೋದು, ಕೆಂಪಾಗೋದು. ಬೇಗ ಮಾಗೋದು ಅದರ ದೋಷ ಅಲ್ಲ, ಉದ್ದೇಶ. ಆ ಮನೆಯ ಹತ್ತು ವರ್ಷದ ಹುಡುಗಿಗೆ ಯಾವುದು ಎಷ್ಟು ದಿನ ಕಾಯುತ್ತದೆ ಅಂತ ಬಾಯಲ್ಲೇ ಗೊತ್ತಿರುತ್ತದೆ. ಎಥಿಲೀನ್ ಅನ್ನುವ ಹೆಸರು ಗೊತ್ತಿರೋದಿಲ್ಲ, ಅಷ್ಟೇ.

ಇಲ್ಲಿ ನೀವೊಂದು ತಪ್ಪು ಅರ್ಥ ಮಾಡಿಕೊಳ್ಳಬಾರದು. ಹೊಲವೇ ಶಾಲೆ, ಶಾಲೆ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಮಿಳುನಾಡಿನಲ್ಲಿ ಒಂದರಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಶಾಲೆ ತೆರೆದದ್ದು 2021ರ ನವೆಂಬರ್ 1ಕ್ಕೆ. ಹತ್ತೊಂಬತ್ತು ತಿಂಗಳು ದಾಟಿತ್ತು. ನಮ್ಮಲ್ಲಿ ಒಂದರಿಂದ ಐದನೇ ತರಗತಿಗಳು ಶುರುವಾದದ್ದು ಅದೇ ಅಕ್ಟೋಬರ್ 25ಕ್ಕೆ. ಆ ಹೊತ್ತಿಗೆ ಕೆಲಸಕ್ಕೆ ಸೇರಿದವರು, ಮದುವೆಯಾಗಿಹೋದ ಅಕ್ಕಂದಿರು ತರಗತಿಗೆ ವಾಪಸ್ ಬರಲಿಲ್ಲ. ಹೊಲದಲ್ಲಿ ‘ಹೀಗಾಗುತ್ತೆ’ ಅನ್ನೋದು ಗೊತ್ತಾಗುತ್ತದೆ. ‘ಯಾಕೆ’ ಅಂತ ಕೇಳಿ, ಅಳೆದು, ತಪ್ಪಿದ್ದರೆ ತಿದ್ದಿಕೊಳ್ಳಲು ತರಗತಿ ಬೇಕು. ಮೇಲಿನ ಮೆಗಾಜೂಲ್ ಲೆಕ್ಕ ಹೊಲದಲ್ಲಿ ಹುಟ್ಟೋದಿಲ್ಲ.

ನನ್ನ ತಕರಾರು ಶಾಲೆಯ ಮೇಲೆ ಅಲ್ಲ, ಶಾಲೆ ಪಾಠ ಶುರು ಮಾಡುವ ಜಾಗದ ಮೇಲೆ. ‘ಉಸಿರಾಟ’ ಪಾಠವನ್ನು ಮೊಳಕೆ ಕಾಳಿನ ಚಿತ್ರದಿಂದ ಶುರು ಮಾಡುತ್ತೇವೆ, ಮುಂದಿನ ಬೆಂಚಿನಲ್ಲಿ ಕೂತವಳು ಐವತ್ತು ಪೆಟ್ಟಿಗೆ ಟೊಮೇಟೊ ಉಸಿರಾಡಿ ಬೆಚ್ಚಗಾದದ್ದನ್ನು ಕೈಯಿಟ್ಟು ನೋಡಿದವಳು. ಅವಳನ್ನು ಕೇಳಲಿಲ್ಲವಲ್ಲ! ದೋರೆಗಾಯಿ, ಹೆಪ್ಪು, ಕೆಚ್ಚಲು ಬಾವು – ಈ ಮಾತುಗಳು ಉತ್ತರಪತ್ರಿಕೆಯಲ್ಲಿ ಬಂದರೆ ನಾವು ಮೇಷ್ಟ್ರುಗಳು ಅಡಿಗೆರೆ ಎಳೆದು ತಿದ್ದಬಾರದು. ಅವಕ್ಕೆ ಅಂಕ ಕೊಡಬೇಕು.

ಈಗ ನಿಮಗೊಂದು ಕೆಲಸ. ಒಂದೇ ಗಿಡದ ಆರು ದೋರೆಗಾಯಿ ಟೊಮೇಟೊ ತನ್ನಿ. ಎರಡನ್ನು ಹಾಗೇ ತಟ್ಟೆಯಲ್ಲಿಡಿ. ಎರಡನ್ನು ಒಂದು ಕಾಗದದ ಚೀಲದಲ್ಲಿ ಕಳಿತ ಬಾಳೆಹಣ್ಣಿನ ಜೊತೆ ಇಡಿ. ಇನ್ನೆರಡನ್ನು ಬಾಳೆಹಣ್ಣಿಲ್ಲದ ಅಂಥದೇ ಚೀಲದಲ್ಲಿಡಿ, ಇದು ಯಾಕೆ ಬೇಕು ಅಂತ ನೀವೇ ಯೋಚಿಸಿ. ದಿನಾ ಒಂದೇ ಹೊತ್ತಿಗೆ ಬಣ್ಣ ನೋಡಿ, ಒತ್ತಿ ನೋಡಿ, ತೂಕ ಸಿಕ್ಕರೆ ತೂಗಿ, ಹತ್ತು ದಿನ ಬರೆದಿಡಿ. ಪಕ್ಕದ ಪುಟದಲ್ಲಿ ಇನ್ನೊಂದು ಪಟ್ಟಿ ಇರಲಿ: 2020ರ ಆ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ, ಇಲ್ಲವೇ ನಿಮ್ಮೂರಿನ ಒಂದು ಹೊಲದ ಮನೆಯಲ್ಲಿ, ಏನು ಕೆಟ್ಟಿತು, ಏನು ಉಳಿಯಿತು, ಉಳಿಸಲು ಯಾರು ಏನು ಮಾಡಿದರು. ಅಜ್ಜಿಯನ್ನೋ ಪಕ್ಕದ ಹೊಲದ ಮಾವನನ್ನೋ ಕೇಳಿ, ಅವರು ಹೇಳಿದ ಮಾತಲ್ಲೇ ಬರೆಯಿರಿ.