ಗಾಂಧಿ ಕ್ಲಾಸಿನಿಂದ: ಹಾಕಿ ಹೀರೋ ಮತ್ತು ಶರಪಂಜರದ ಸತೀಶ

ಯಲ್ಲಾಪುರದ ಓದುಗ ಮಿತ್ರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋದಿಲ್ಲ. ಅವರ ತಂಗಿ ದಿನಾ ಬಸ್ಸಿನಲ್ಲಿ ಶಿರಸಿಗೆ ಹೋಗಿ ಡಿಗ್ರಿ ಓದುತ್ತಾಳಂತೆ. ಹೋಗುವಾಗ ಬರುವಾಗ ಅಷ್ಟೂ ಹೊತ್ತು ಇಂಗ್ಲಿಷ್ ಕಾದಂಬರಿ. "ಮುಖಪುಟದ ಮೇಲೆ ಅಂಗಿ ಇಲ್ಲದ ಹಾಕಿ ಆಟಗಾರ ನಿಂತಿದ್ದಾನೆ ಸಾರ್! ಇಂಥಾದ್ದು ಓದಿದ್ರೆ ಹುಡುಗಿ ಹಾಳಾಗಲ್ವಾ?" ಅಂತ ಕೇಳಿದ್ದಾರೆ. ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ: ಪುಟ್ಟಣ್ಣನವರ ಸಿನಿಮಾ ನೋಡೋದಾದ್ರೆ ಯಾವುದರಿಂದ ಶುರು ಮಾಡಬೇಕು?

ಮಿತ್ರರೇ, ನಿಮ್ಮ ಎರಡು ಪ್ರಶ್ನೆಗೂ ಒಂದೇ ಉತ್ತರ. ಅದು ಹೇಗೆ ಅಂತೀರಾ? ಸ್ವಲ್ಪ ತಾಳಿ.

ಮೊದಲು ಈ ಹಾಕಿ ವಿಚಾರ. ಇದು ನಮ್ಮ ಕೊಡಗಿನ ಹಾಕಿ ಅಲ್ಲ. ಕೊಡಗಿನಲ್ಲಿ 1997ರಿಂದ ಮನೆತನ ಮನೆತನಗಳೇ ಟೀಮು ಕಟ್ಟಿ ಆಡುವ ಹಾಕಿ ಹಬ್ಬ ಇದೆ, ಅದರ ಮೇಲೆ ಯಾರಾದರೂ ಒಂದು ಒಳ್ಳೇ ಸಿನಿಮಾ ತೆಗೆಯಬಾರದಾ ಅಂತ ನನ್ನ ಬಹಳ ದಿನದ ಆಸೆ. ಅದಿರಲಿ. ಇದು ಐಸ್ ಹಾಕಿ. ಅಮೆರಿಕ, ಕೆನಡಾದ ಆಟ. ಮಂಜುಗಡ್ಡೆಯ ಮೇಲೆ ಕಾಲಿಗೆ ಸ್ಕೇಟು ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಹೊಡೆಯುತ್ತಾರೆ. ನಡುನಡುವೆ ಒಬ್ಬರಿಗೊಬ್ಬರು ಗುದ್ದಾಡುವುದೂ ಉಂಟು, ನಮ್ಮ ಫೈಟಿಂಗ್ ಸೀನಿನ ಹಾಗೆ! ಈ ಆಟಗಾರರನ್ನೇ ನಾಯಕರನ್ನಾಗಿ ಮಾಡಿಕೊಂಡು ಪ್ರೇಮ ಕಾದಂಬರಿಗಳ ದೊಡ್ಡ ರಾಶಿಯೇ ಬಂದಿದೆ. ಬರೆಯುವವರು ಹೆಚ್ಚಾಗಿ ಹೆಂಗಸರು, ಓದುವವರೂ ಅವರೇ.

ನಾನು ಒಂದನ್ನು ಓದಿದೆ. ಪಿಯುಸಿಯಲ್ಲೇ ಕಾಲೇಜಿಗೆ ನಮಸ್ಕಾರ ಹೊಡೆದ ನನ್ನಂಥವನೂ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಬಹುದಾದ ಸಲೀಸು ಇಂಗ್ಲಿಷು. ಕೆನಡಾದ ಲೇಖಕಿ ಎಲ್ ಕೆನಡಿ 2015ರಲ್ಲಿ ಬರೆದ 'ದಿ ಡೀಲ್'. ಕೊಟ್ಟವಳು ನನ್ನ ಚಿಕ್ಕಪ್ಪನ ಮಗಳು. ನಾಯಕ ಗ್ಯಾರೆಟ್ ಕಾಲೇಜು ಹಾಕಿ ತಂಡದ ಕ್ಯಾಪ್ಟನ್. ನಾಯಕಿ ಹ್ಯಾನಾ ಸಂಗೀತ ಓದುವ ಹುಡುಗಿ. ಮೊದಲ ನೂರು ಪುಟ ನಮ್ಮ ಕಾಲೇಜು ಲವ್ ಸ್ಟೋರಿಗಳ ಹಾಗೇ ಕಾಲೆಳೆಯುವುದು, ಜಗಳ, ಮುನಿಸು. ಆಮೇಲೆ ಗೊತ್ತಾಗುತ್ತದೆ, ಹದಿನೈದನೇ ವಯಸ್ಸಿನಲ್ಲಿ ಒಂದು ಪಾರ್ಟಿಯಲ್ಲಿ ಅವಳ ಮೇಲೆ ಅತ್ಯಾಚಾರ ಆಗಿದೆ. ಇತ್ತ ಗ್ಯಾರೆಟ್‌ನ ಅಪ್ಪ ದೊಡ್ಡ ಹೆಸರಿನ ಹಾಕಿ ಆಟಗಾರ, ಮನೆಯೊಳಗೆ ಹೊಡೆಯುವ ಮನುಷ್ಯ. 'ನಾನೂ ನನ್ನ ಅಪ್ಪನ ಹಾಗೇ ಆಗಿಬಿಟ್ಟರೆ?' ಎನ್ನುವುದು ಆ ಮೈಕಟ್ಟಿನ ಹುಡುಗನ ಹೆದರಿಕೆ.

ನನ್ನ ತಂಗಿ ಒಂದು ಪುಟದ ಮೂಲೆ ಮಡಚಿಟ್ಟಿದ್ದಳು. ಮುತ್ತಿನ ಪುಟ ಇರಬೇಕು ಅಂತ ಕಳ್ಳನ ಹಾಗೆ ಬಿಡಿಸಿ ನೋಡಿದೆ. ಅಲ್ಲ. ಹ್ಯಾನಾ ತನಗಾದದ್ದನ್ನು ಬಾಯಿಬಿಟ್ಟು ಹೇಳುವ ಪುಟ. ಹುಡುಗ ಎದ್ದು ಹೋಗುವುದಿಲ್ಲ. 'ನೀನು ಯಾಕೆ ಅಲ್ಲಿಗೆ ಹೋದೆ' ಅನ್ನುವುದಿಲ್ಲ. ಕೂತು ಕೇಳುತ್ತಾನೆ.

ಇನ್ನೂ ಒಂದು ಕಥೆ ಕೇಳಿ. ರೇಚಲ್ ರೀಡ್ 2019ರಲ್ಲಿ ಬರೆದ 'ಹೀಟೆಡ್ ರೈವಲ್ರಿ' 2025ರಲ್ಲಿ ಕೆನಡಾದಲ್ಲಿ ಟಿವಿ ಧಾರಾವಾಹಿಯಾಗಿ ಬಂತು. ಎದುರಾಳಿ ತಂಡಗಳ ಇಬ್ಬರು ಆಟಗಾರರು, ಇಬ್ಬರೂ ಗಂಡಸರೇ. ಆಟದಲ್ಲಿ ಹಾವು ಮುಂಗುಸಿ, ಹೊರಗೆ ಯಾರಿಗೂ ಹೇಳಲಾಗದ ಪ್ರೀತಿ. ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುವ ಸಂಕಟವೇ ಕಥೆ. ನಗಬೇಡಿ. ಹೇಳಲಾಗದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡುವವರು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲೂ ನಿಂತಿರುತ್ತಾರೆ.

ಈಗ ನಮ್ಮ ಮನೆ ಕಡೆ ಬರೋಣ. ಹೇಳಲಾಗದ ಮಾತನ್ನು ಪ್ರೇಮ ಕಾದಂಬರಿಯೊಳಗೆ ಇಟ್ಟು ಹೆಂಗಸರ ಕೈಗೆ ದಾಟಿಸುವುದು ಕನ್ನಡಕ್ಕೆ ಹೊಸದಾ? ತ್ರಿವೇಣಿ ಏನು ಮಾಡಿದರು ಮತ್ತೆ? ನಾಯಕ ಹಾಕಿ ಆಡುತ್ತಿರಲಿಲ್ಲ, ಡಾಕ್ಟರೋ ಲೆಕ್ಚರರೋ ಆಗಿರುತ್ತಿದ್ದ, ಅಷ್ಟೇ ವ್ಯತ್ಯಾಸ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ಈ ಹೆಂಗಸು ಇಪ್ಪತ್ತರಷ್ಟು ಕಾದಂಬರಿ ಬರೆದು, 1963ರಲ್ಲಿ, ಮೂವತ್ತೈದು ತುಂಬುವ ಮುಂಚೆಯೇ ಹೋಗಿಬಿಟ್ಟರು. ಅದೂ ಮಗಳನ್ನು ಹೆತ್ತ ಸ್ವಲ್ಪ ದಿನಗಳಲ್ಲೇ. ಬಾಣಂತಿಯ ಮನಸ್ಸು ಕೆಡುವ ಕಥೆ 'ಶರಪಂಜರ' ಬರೆದಾಕೆಗೆ ಹೀಗಾಗಬೇಕೇ!

ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಗಳಿಗೆ ವಾರಪತ್ರಿಕೆ ಬಂದರೆ ಹೆಂಗಸರು ಧಾರಾವಾಹಿಯ ಹಾಳೆ ಕಿತ್ತು, ಸೂಜಿದಾರ ಹಾಕಿ ಹೊಲಿದು ಇಟ್ಟುಕೊಳ್ಳುತ್ತಿದ್ದರು. ಅಂಥ ಕಟ್ಟುಗಳು ಎಷ್ಟೋ ಅಟ್ಟಗಳಲ್ಲಿ ಇನ್ನೂ ಇವೆ. 'ಹೆಂಗಸರ ಕಾದಂಬರಿ' ಅಂತ ಗಂಡಸರು ಮೂಗು ಮುರಿದದ್ದೇ ಬಂತು. ಕೊನೆಗೆ ಅದನ್ನೇ ಪುಟ್ಟಣ್ಣ ತೆರೆಗೆ ತಂದಾಗ ಟಿಕೆಟ್ಟಿಗೆ ಕ್ಯೂ ನಿಂತವರು ಯಾರು? ನಾವೇ!

 'ಶರಪಂಜರ'ಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಕಲ್ಪನಾರ ಸೀರೆ, ಕೈತುಂಬ ಬಳೆ ಎಲ್ಲಾ ನಿಮಗೆ ಗೊತ್ತು. ಕಾವೇರಿ ಮತ್ತು ಸತೀಶ ಪ್ರೀತಿಸಿ ಮದುವೆಯಾದವರು. ಮದುವೆಗೆ ಮುಂಚಿನ ಒಂದು ಘಟನೆ ಅವಳ ಮನಸ್ಸಿನ ತಳದಲ್ಲಿ ಹೂತು ಕೂತಿರುತ್ತದೆ. ಎರಡನೇ ಬಾಣಂತನದಲ್ಲಿ ಅದು ಮೇಲೆದ್ದು ಬರುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತದೆ. ನೆನಪಿಡಿ, ಗುಣ ಮಾಡಿದ್ದು ಡಾಕ್ಟರು. ಅವಳು ಮತ್ತೆ ಕೆಡುವುದು ಮನೆಗೆ ಬಂದ ಮೇಲೆ. ಎಲ್ಲರ ಕಣ್ಣಿನಲ್ಲೂ ಅವಳು 'ಹುಚ್ಚಿ'. ಗಂಡನ ಮನಸ್ಸು ಆಫೀಸಿನ ಇನ್ನೊಬ್ಬಳ ಕಡೆ ಹೋಗಿದೆ.

ಕಲ್ಪನಾರ ಆ ಕೊನೆಯ ಸೀನನ್ನು ಗ್ಯಾದರಿಂಗಿನಲ್ಲಿ ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸುವವರನ್ನು ನೋಡಿದ್ದೇನೆ. ಗಂಗಾಧರ್ ಮಾಡಿದ ಸತೀಶನನ್ನು ಮಿಮಿಕ್ರಿ ಮಾಡುವವರು ಒಬ್ಬರೂ ಇಲ್ಲ. ಎಲ್ಲಿಂದ ಬರಬೇಕು? ಅವನು ಏನೂ ಮಾಡುವುದೇ ಇಲ್ಲವಲ್ಲ. ಹೊಡೆಯೋದಿಲ್ಲ, ಬಡಿಯೋದಿಲ್ಲ. ಥೇಟ್ ನಮ್ಮ ನಿಮ್ಮ ಮನೆಯ ಮರ್ಯಾದಸ್ಥ ಗಂಡಸು.

ಸಿದ್ದಾಪುರದ ಕಡೆ ನನಗೊಬ್ಬರು ದೊಡ್ಡಮ್ಮ ಇದ್ದಾರೆ. ಎರಡನೇ ಹೆರಿಗೆ ಆದ ಮೇಲೆ ನಿದ್ದೆ ಬಿಟ್ಟು, ಮಾತು ಬಿಟ್ಟು, ಮಗುವನ್ನು ಮುಟ್ಟದೆ ಕೂತುಬಿಟ್ಟರಂತೆ. ಬಾಣಂತಿ ಸನ್ನಿ ಅಂದರು, ಗಾಳಿ ಅಂದರು, ತಾಯತ ಕಟ್ಟಿದರು. ಕೊನೆಗೆ ಧಾರವಾಡಕ್ಕೆ ಕರಕೊಂಡು ಹೋದರು. ನಮ್ಮ ಕಡೆ 'ಧಾರವಾಡಕ್ಕೆ ಹೋಗಿದ್ರು' ಅಂದರೆ ಆಯಿತು, ಮುಂದೆ ಯಾರೂ ಏನೂ ಕೇಳೋದಿಲ್ಲ. ಎರಡು ತಿಂಗಳಲ್ಲಿ ಪೂರ್ತಿ ಗುಣವಾಗಿ ಬಂದರು. ಆದರೆ ಮೂವತ್ತು ವರ್ಷ ಆ ಮನೆಯಲ್ಲಿ ಅವರ ಕೈಗೆ ಯಾರೂ ಹಸುಗೂಸು ಕೊಡಲಿಲ್ಲ. ತೊಟ್ಟಿಲ ಮನೆಗೆ ಅವರು ಬಂದರೆ ಯಾರಾದರೊಬ್ಬರು ಹಿಂದೆಯೇ ಬಂದು ನಿಲ್ಲುತ್ತಿದ್ದರು.

ಒಂದು ದಿನ ಟಿವಿಯಲ್ಲಿ 'ಶರಪಂಜರ' ಬಂತು. ನಾನು ಅಲ್ಲೇ ಇದ್ದೆ. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಾನೆಲ್ ಬದಲಿಸೋದಾ ಬಿಡೋದಾ ಅಂತ ಒದ್ದಾಡುತ್ತಿದ್ದರು. ದೊಡ್ಡಮ್ಮ ಅಡಿಕೆ ಕತ್ತರಿಸುತ್ತಾ ಪೂರ್ತಿ ನೋಡಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ ಅಂದರು: "ಆ ಗಂಡ ಕೆಟ್ಟವ ಅಲ್ಲ ತಮಾ. ನಿಂಗೆ ಎಂತಾಯ್ತು ಅಂತ ಅವ ಒಂದ್ಸಲವೂ ಕೇಳಲಿಲ್ಲ, ಅಷ್ಟೇ." ದೊಡ್ಡಪ್ಪ ಎದ್ದು ತೋಟಕ್ಕೆ ಹೋದರು.

ಹಾಕಿ ಕಾದಂಬರಿಯಲ್ಲಿ ಹುಡುಗಿಯರು ಪುಟ ಮಡಚಿಟ್ಟುಕೊಳ್ಳುವುದು ಆ ಕೇಳುವ ಗಂಡಸಿಗಾಗಿ ಅಂತ ನನಗನ್ನಿಸುತ್ತದೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗದ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗಿಯರು ಬೆಂಗಳೂರು ನೋಡ್ತಾರೆ, ಸಂಬಳ ನೋಡ್ತಾರೆ ಅಂತ ಕಟ್ಟೆ ಮೇಲೆ ಕೂತು ತೀರ್ಪು ಕೊಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತೇವೆ. ಅವರು ಬಸ್ಸಿನಲ್ಲಿ ಏನು ಓದುತ್ತಾರೆ ಅಂತ ಒಮ್ಮೆ ನೋಡಿದ್ದೇವಾ?

ಹಾಗಂತ ಹಾಕಿ ಕಾದಂಬರಿಗಳನ್ನು ಹೊತ್ತು ಮೆರೆಸುತ್ತಿದ್ದೇನೆ ಅಂದುಕೊಳ್ಳಬೇಡಿ. ಬಹಳಷ್ಟು ಜಳ್ಳೂ ಇದೆ. ದೊಡ್ಡ ದೋಷ ಒಂದು: ಅಲ್ಲಿ ಕೊನೆಗೆ ಎಲ್ಲಾ ಸುಖವಾಗಲೇಬೇಕು, ಅದು ಕಟ್ಟಳೆ. ಒಳ್ಳೇ ಹುಡುಗ ಸಿಕ್ಕಿದರೆ ಎಂಥಾ ಗಾಯವೂ ಮಾಯುತ್ತದೆ ಎಂಬ ಲೆಕ್ಕ. ತ್ರಿವೇಣಿಯವರದು ಗಟ್ಟಿ ಕೈ. 'ಬೆಳ್ಳಿಮೋಡ' ನೋಡಿ, 1967ರ ಚಿತ್ರ, ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯದು. ಇಂದಿರೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಅಂತಾದಾಗ ಮೋಹನ ಮದುವೆ ಮುರಿಯುತ್ತಾನೆ. ಆಮೇಲೆ ಕಾಲು ಮುರಿದುಕೊಂಡು ಬಿದ್ದವನನ್ನು ಅವಳೇ ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪ, ಪ್ರೀತಿ ಎಲ್ಲಾ ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಡ್ಯುಯೆಟ್ ಹಾಕಿ ಶುಭಂ ಅಂತಿದ್ದರು. ಇಂದಿರೆ ಒಲ್ಲೆ ಅನ್ನುತ್ತಾಳೆ!

ತ್ರಿವೇಣಿಯವರೊಬ್ಬರೇ ಅಲ್ಲ ಬಿಡಿ. ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' 1973ರಲ್ಲಿ ಬಂತು. ಉಷಾ ನವರತ್ನರಾಂ ಕಾದಂಬರಿಯ 'ಬಂಧನ' 1984ರಲ್ಲಿ. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಹರೀಶನನ್ನು ನೋಡಿ ಗಂಡುಹುಡುಗರು ಕರವಸ್ತ್ರ ಒದ್ದೆ ಮಾಡಿಕೊಂಡರು. ಇನ್ನು ಅಶ್ವತ್ಥರ ಕಾದಂಬರಿಯಿಂದ 1981ರಲ್ಲಿ ಬಂದ 'ರಂಗನಾಯಕಿ'. ಹೆತ್ತ ತಾಯಿ ಅಂತ ತಿಳಿಯದೆ ಒಬ್ಬ ನಟಿಯನ್ನು ಪ್ರೀತಿಸುವ ಹುಡುಗನ ಪಾತ್ರ ಅದರಲ್ಲಿದೆ. ಕೈಯಲ್ಲಿ ಕೆಂಡ ಹಿಡಿದ ಹಾಗೆ! ಸ್ವಲ್ಪ ಹೆಚ್ಚುಕಮ್ಮಿ ಆದರೂ ಜನ ನಗುತ್ತಿದ್ದರು, ಇಲ್ಲಾ ಕಲ್ಲು ಹೊಡೆಯುತ್ತಿದ್ದರು. ಅದನ್ನು ಮಾಡಿ ಗೆದ್ದವರು ಯಾರು? ನಮ್ಮದೇ ಶಿರಸಿ ಸೀಮೆಯ ನೀರ್ನಳ್ಳಿಯ ರಾಮಕೃಷ್ಣ. ಇಲ್ಲಿಯ ಹುಡುಗರಿಗೆ ಇಂಥ ವಿಷಯ ಅರ್ಥವಾಗಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಯಲ್ಲಾಪುರದ ಮಿತ್ರರೇ, ತಂಗಿಯ ಪುಸ್ತಕ ಕಸಿಯುವ ಗೋಜಿಗೆ ಹೋಗಬೇಡಿ. ಮುಖಪುಟ ಅಂಗಡಿಯವನ ವ್ಯಾಪಾರಕ್ಕೆ ಇರುವುದು, ನಮ್ಮ ಸಿನಿಮಾ ಪೋಸ್ಟರಿನ ಹಾಗೆ. ಪೋಸ್ಟರ್ ನೋಡಿ ಸಿನಿಮಾ ಬೈದರೆ ನಿಮಗೆಷ್ಟು ಸಿಟ್ಟು ಬರುತ್ತೆ ಹೇಳಿ? ಪುಟ್ಟಣ್ಣನವರಲ್ಲಿ ಮೊದಲು 'ಬೆಳ್ಳಿಮೋಡ', ಆಮೇಲೆ 'ಶರಪಂಜರ'. ಎರಡನೆಯದನ್ನು ಮೊಬೈಲಿನಲ್ಲಿ ಒಬ್ಬರೇ ನೋಡಬೇಡಿ. ತಂಗಿಯನ್ನೂ ಅಮ್ಮನನ್ನೂ ಕೂರಿಸಿಕೊಂಡು ನೋಡಿ, ಮುಗಿದ ಮೇಲೆ ಟಿವಿ ಆರಿಸಿ ಹತ್ತು ನಿಮಿಷ ಅಲ್ಲೇ ಕೂತಿರಿ. ಅವರು ಏನಂದರು ಅಂತ ನನಗೆ ಪತ್ರ ಬರೆಯಿರಿ, ಹೆಸರು ಹಾಕೋದಿಲ್ಲ.